ಮಾರ್ಫಿನ್ ಬಾಟಲಿಯ ಚೂರು

ಮಿರಜದ ಸಹಕಾರಿ ಆಸ್ಪತ್ರೆಯೊಂದಕ್ಕೆ ಎಕ್ಸ್‌ರೇ ಯಂತ್ರ ದುರಸ್ತಿಗೆಂದು ಹೋಗಿದ್ದೆ. ಪಕ್ಕದ ವಾರ್ಡಿನಲ್ಲಿ ಸಲಗರೆ ಹಳ್ಳಿಯ ಕೂಲಿಯೊಬ್ಬ ಕ್ಯಾನ್ಸರಿನ ನೋವಿಗೆ ಕೂಗುತ್ತಿದ್ದ. ಅವನಿಗೆ ಚುಚ್ಚಬೇಕಿದ್ದ ಮಾರ್ಫಿನ್ ಬಾಟಲಿ ನರ್ಸಿನ ಕೈಜಾರಿ ಒಡೆದಿತ್ತು.

“ಇನ್ನೊಂದು ಕೊಡ್ರಿ ಕಾಕಾ,” ಎಂದು ಆಕೆ ಔಷಧ ಉಗ್ರಾಣದವನನ್ನು ಕೇಳಿದಳು.

“ಖಾಲಿ ಬಾಟಲಿ ತಂದ್ರ ಹೊಸಾದು. ಸರಕಾರದ ನಿಯಮ ಐತಿ.”

“ಒಡದೈತ್ರಿ.”

“ಚೂರರೆ ತರ್ರಿ. ನಂಬರ್ ಕಾಣಬೇಕು.”

“ಅವನ ಕೂಗು ಕೇಳಸ್ತೈತೇನ್ರಿ?” ಎಂದೆ, ನರ್ಸಿನ ಜೊತೆ ಹೋಗಿದ್ದ ನಾನು.

“ದಿನಾ ಕೇಳ್ತೇನ್ರಿ.”

ಬಾಟಲಿ ಒಡೆದವಳು ನರ್ಸ್, ನಿಯಮ ಬರೆದವರು ಇನ್ಯಾರೋ, ಶಿಕ್ಷೆ ಮಾತ್ರ ರೋಗಿಗೆ. ನರ್ಸೂ ನಾನೂ ಕಸದ ಡಬ್ಬಿ ಸುರಿದು ಅರ್ಧ ತಾಸು ಹುಡುಕಿದೆವು. ಚೂರು ಸಿಕ್ಕಿತು, ನನ್ನ ಬೆರಳನ್ನೂ ಕೊಯ್ಯಿತು. ಉಗ್ರಾಣದವನು ಅದನ್ನು ಬೆಳಕಿಗೆ ಹಿಡಿದು ನಂಬರ್ ಓದಿ, ಕಪಾಟಿನ ಬೀಗ ತೆಗೆದ. ನರ್ಸ್ ಔಷಧ ಹಿಡಿದು ವಾರ್ಡಿಗೆ ಓಡಿದಳು. ನಾನು ಬೆರಳಿಗೊಂದು ಪಟ್ಟಿ ಕೇಳಿದೆ.

“ಅದಕ್ಕ ಮೊದಲ ರೋಗಿ ಅಂತ ಹೆಸರ ಬರಸಿ ಕೇಸ್ ಪೇಪರ್ ಮಾಡಸ್ರಿ,” ಅಂದ.