ಹದಿನೇಳರಲ್ಲಿ ನಿಂತ ಕೋಣೆ

ನಮ್ಮ ಭಾವನವರಿಗೆ ಯಾವ ವಸ್ತುವೂ ಇದ್ದ ಹಾಗೆ ಇದ್ದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಅಕ್ಕನನ್ನು ಮದುವೆಯಾದ ಹೊಸತರಲ್ಲೇ ನಮ್ಮ ಮನೆಯ ಕರೆಗಂಟೆಯನ್ನು ಸುಧಾರಿಸಿದರು. ಆಮೇಲೆ ಬಂದವರೆಲ್ಲ ಬಾಗಿಲು ಬಡಿಯಬೇಕಾಯಿತು. ವಿಮಾ ಕಚೇರಿಯಲ್ಲಿ ಅವರು ಗುಮಾಸ್ತರು, ಮನೆಯಲ್ಲಿ ಮಹಾವಿಜ್ಞಾನಿ. ಅಡುಗೆಮನೆಯ ಪಕ್ಕದ ಸಾಮಾನು ಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರ್, ಸುತ್ತ ವೈರುಗಳ ಗೋಜಲು. ಅಲ್ಲಿ ಕೂತು ಅವರು ಏನನ್ನಾದರೂ ಕಂಡುಹಿಡಿಯುವಾಗ ಅಕ್ಕ ಸದ್ದಿಲ್ಲದೆ ಚಹಾ ಒಯ್ದು ಕೊಡುತ್ತಾಳೆ. ಗಂಡನೆಂದರೆ ಅವಳಿಗೆ ಅಷ್ಟು ಹೆಮ್ಮೆ. ನನಗೆ ಆ ರೋಗ ಇಲ್ಲ.

ಅಮ್ಮನಿಗೆ ಲಕ್ವ ಹೊಡೆದ ಮೇಲೆ ಅವಳನ್ನು ಅಕ್ಕನ ಮನೆಗೆ ಕರೆತಂದಿದ್ದರು. ಎಡಭಾಗ ಪೂರ್ತಿ ಬಿದ್ದುಹೋಗಿತ್ತು, ಬಲಗೈ ಉಳಿದಿತ್ತು. ಹೊಲಿಗೆ ಅಂಗಡಿ ಇಟ್ಟು ಕೆಲಸದವರನ್ನು ಕಣ್ಸನ್ನೆಯಲ್ಲೇ ನಡೆಸಿದವಳು ಈಗ ಮಗ್ಗುಲು ಬದಲಿಸಲೂ ಇನ್ನೊಬ್ಬರನ್ನು ಕರೆಯಬೇಕಿತ್ತು. ಅವಳ ಮಾತು ಕೇಳುತ್ತಿದ್ದದ್ದು ಎರಡೇ: ಊಟದ ಚಮಚ, ಕೋಣೆಯ ಎಸಿಯ ರಿಮೋಟು. ರಿಮೋಟನ್ನು ದಿಂಬಿನಡಿ ಇಟ್ಟುಕೊಂಡು, ಸೆಕೆಯಾದರೆ ಒಂದು ಇಳಿಸಿ, ಚಳಿಯಾದರೆ ಒಂದು ಏರಿಸಿ ಹಾಯಾಗಿದ್ದಳು.

ಭಾವನವರ ಕಣ್ಣು ಅದರ ಮೇಲೆ ಬಿತ್ತು. ರಿಮೋಟು ಹಳತಾಗಿದೆ, ಇವತ್ತೋ ನಾಳೆಯೋ ಕೈಕೊಡುತ್ತದೆ, ಅಷ್ಟರೊಳಗೆ ಅದರ ಸಂಕೇತಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು ಎಂದು ಸಾರಿದರು. ಕಣ್ಣಿಗೆ ಕಾಣದ ಅದರ ಬೆಳಕನ್ನು ಹಿಡಿಯುವ ಪುಟ್ಟ ಬಿಡಿಭಾಗ ತಂದು, ಕಂಪ್ಯೂಟರಿನಲ್ಲಿ ಮೈಕು ಸಿಕ್ಕಿಸುವ ತೂತಿಗೆ ಜೋಡಿಸಿದರು. ರಿಮೋಟಿನ ಗುಂಡಿ ಒತ್ತಿದರೆ ಪರದೆಯ ಮೇಲೆ ಉದ್ದ ಗೆರೆ, ಗಿಡ್ಡ ಗೆರೆ ಸಾಲಾಗಿ ಮೂಡುತ್ತಿದ್ದವು. ಮನೆಗೆ ಬಂದವರನ್ನೆಲ್ಲ ಎದುರಿಗೆ ಕೂರಿಸಿಕೊಂಡು, ಇದು ಒಂದು, ಇದು ಸೊನ್ನೆ ಎಂದು ತಲೆ ತಿಂದರು. ಇಳಿಸುವ ಗುಂಡಿಯನ್ನು ಒತ್ತುತ್ತ ಒತ್ತುತ್ತ ಕಟ್ಟಕಡೆಯ ಹದಿನಾರು ಡಿಗ್ರಿಗೆ ತಂದು ಆ ಸಂಕೇತವನ್ನು ಹಿಡಿದಿಟ್ಟರು. ಆಮೇಲೆ ಏರಿಸುವ ಗುಂಡಿಯನ್ನು ಒಮ್ಮೆ ಒತ್ತಿ ಅದನ್ನೂ ಹಿಡಿದಿಟ್ಟರು. ಈ ಸಂಭ್ರಮದಲ್ಲಿ ರಿಮೋಟಿನ ಹೊಟ್ಟೆ ಬಗೆದು ನೋಡಿದ್ದರಿಂದ ಅದು ಸತ್ತೇಹೋಯಿತು. ಕೈಕೊಡುತ್ತದೆ ಅಂತ ಮೊದಲೇ ಹೇಳಿರಲಿಲ್ಲವೇ ಎಂದು ಬೀಗಿದರು.

ಅದರ ಬದಲಿಗೆ ಅಮ್ಮನಿಗೆ ಒಂದು ಡಬ್ಬಿ ಸಿಕ್ಕಿತು. ಅದರಲ್ಲಿ ‘ಹೆಚ್ಚು’, ‘ಕಡಿಮೆ’ ಎಂಬ ಎರಡು ದಪ್ಪ ಗುಂಡಿ. ಡಬ್ಬಿಯಿಂದ ವೈರು ಕಂಪ್ಯೂಟರಿಗೆ, ಅಲ್ಲಿಂದ ಇನ್ನೊಂದು ವೈರು ಎಸಿಯ ಎದುರಿನ ಪುಟ್ಟ ದೀಪಕ್ಕೆ. ಅಮ್ಮ ಗುಂಡಿ ಒತ್ತಿದರೆ ಹಿಡಿದಿಟ್ಟ ಸಂಕೇತ ಆ ದೀಪದಿಂದ ಎಸಿಗೆ ಹೋಗುತ್ತಿತ್ತು.

ಮುಂದಿನ ಸಲ ನಾನು ಹೋದಾಗ ಅಮ್ಮ ಸ್ವೆಟರ್ ಹಾಕಿ, ಕಂಬಳಿ ಹೊದ್ದು ನಡುಗುತ್ತಿದ್ದಳು. ಎಸಿ ಆರಿಸಿದರೆ ಸೆಕೆಗೆ ಉಸಿರುಕಟ್ಟುತ್ತದೆ ಎಂದು ಹಾಗೇ ಬಿಟ್ಟಿದ್ದರು. ಅಕ್ಕ ಅವಳಿಗೆ ತುತ್ತು ತಿನ್ನಿಸುತ್ತಿದ್ದಳು. ಚಮಚ ಯಾಕೆ ಬಿಟ್ಟೆ ಎಂದು ಕೇಳಿದೆ. ಅಮ್ಮ ಬಲಗೈಯನ್ನು ಕಂಬಳಿಯೊಳಗೆ ಎಳೆದುಕೊಂಡಳು.

“ಈ ಕೈಯೂ ಹೋಗ್ತಾ ಇದೆ ಕಣೇ,” ಅಂದಳು. “ಎಷ್ಟು ಒತ್ತಿದ್ರೂ ಗುಂಡಿಗೆ ತಾಗೋದೇ ಇಲ್ಲ.”

ಭಾವನವರು ಬಾಗಿಲಲ್ಲಿ ನಿಂತು ಮರುಕದಿಂದ ವಿವರಿಸಿದರು. ಪರೀಕ್ಷೆ ಮಾಡಿಯೇ ನೋಡಿದ್ದರಂತೆ. ಅಮ್ಮ ಎಂಟು ಹತ್ತು ಸಲ ‘ಹೆಚ್ಚು’ ಒತ್ತಿದರೂ ಎಸಿ ಹದಿನಾರರಿಂದ ಹದಿನೇಳಕ್ಕೆ ಬಂದು ಅಲ್ಲೇ ನಿಂತಿತಂತೆ.

“ಅಂದ್ರೆ ಒಂದೇ ಸಲ ಸರಿಯಾಗಿ ಒತ್ತಿದಾರೆ ಅಂತಾಯ್ತು. ಅತ್ತೆ ಕೈಗೆ ಬಲ ಇಲ್ಲ, ಪಾಪ,” ಎಂದರು. ಅಮ್ಮನ ಎದುರಿಗೇ ಎಂದರು.

ನಾನು ಡಬ್ಬಿ ಎತ್ತಿಕೊಂಡು ‘ಹೆಚ್ಚು’ ಒತ್ತಿದೆ. ಎಸಿಯ ಮೇಲೆ ಹದಿನೇಳು. ಹೆಬ್ಬೆರಳು ಕೆಂಪಾಗುವಷ್ಟು ಒತ್ತಿದೆ. ಹದಿನೇಳೇ.

“ನನಗೂ ಲಕ್ವ ಹೊಡೀತಾ ಭಾವ?” ಎಂದೆ.

ಅವರು ಸಾಮಾನು ಕೋಣೆಗೆ ಓಡಿದರು. ಸ್ವಲ್ಪ ಹೊತ್ತಿಗೆ ಹಿಗ್ಗಿ ಹೀರೇಕಾಯಿಯಾಗಿ ಬಂದರು. ಎಸಿಯ ರಿಮೋಟು ‘ಒಂದು ಏರಿಸು’ ಎಂದು ಹೇಳುವುದೇ ಇಲ್ಲವಂತೆ. ಒತ್ತಿದಾಗೆಲ್ಲ ‘ಇಷ್ಟಕ್ಕೆ ಇಡು’ ಎಂದು ಪೂರ್ತಿ ಅಪ್ಪಣೆ ಕಳಿಸುತ್ತದಂತೆ. ಇವರು ಹಿಡಿದಿಟ್ಟದ್ದು ‘ಹದಿನೇಳಕ್ಕೆ ಇಡು’ ಎಂಬುದೊಂದನ್ನೇ. ಎಂಥ ಸೊಗಸಾದ ವ್ಯವಸ್ಥೆ ಎಂದು ಕೊಂಡಾಡಿದರು. ಅಮ್ಮ ನಡುಗಿದ್ದು, ಇದ್ದೊಂದು ಕೈಯ ಆಸೆಯನ್ನೂ ಬಿಟ್ಟದ್ದು ಅವರಿಗೆ ಹೊಳೆಯಲೇ ಇಲ್ಲ. ನಾನು ಅವರನ್ನು ದಡ್ಡರೆನ್ನುವುದಿಲ್ಲ. ದಡ್ಡರಿಗಾದರೂ ನಾಚಿಕೆ ಇರುತ್ತದೆ. ಮಾತು ಬೆಳೆಸದೆ ಪೇಟೆಗೆ ಹೋಗಿ, ಮೊದಲ ಅಂಗಡಿಯಲ್ಲೇ ಆ ಎಸಿಗೆ ಹೊಂದುವ ರಿಮೋಟು ತಂದೆ.

ತಪ್ಪು ನಿನ್ನ ಬೆರಳಿನದಲ್ಲ ಎಂದು ಹೇಳಿ ಅಮ್ಮನ ಕೈಗೆ ಅದನ್ನಿಟ್ಟೆ. ನಂಬದೆ ಒಮ್ಮೆ ಒತ್ತಿದಳು. ಆಮೇಲೆ ಇನ್ನೊಮ್ಮೆ. ಅಂಕಿ ಏರಿದಂತೆಲ್ಲ ನಾನು ಓದಿ ಹೇಳಿದೆ. ಇಪ್ಪತ್ತಾರಕ್ಕೆ ನಿಲ್ಲಿಸಿ, ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತಳು.

ಊಟದ ಹೊತ್ತಿಗೆ ಅಕ್ಕ ತಟ್ಟೆ ತಂದಳು. ಹಿಂದೆಯೇ ಭಾವನವರು, ಡಬ್ಬಿಯನ್ನು ಇನ್ನು ಹೇಗೆ ಸುಧಾರಿಸಬಹುದು ಎಂದು ವಿವರಿಸಲು ಬಂದರು. ಅಮ್ಮ ಕಂಬಳಿ ಸರಿಸಿ ಬಲಗೈ ಹೊರಗೆ ತೆಗೆದಳು.

“ಚಮಚ ನನಗೆ ಕೊಡು,” ಎಂದು ಅಕ್ಕನಿಗೆ ಹೇಳಿದಳು. “ತಟ್ಟೆ ಅಳಿಯಂದ್ರು ಹಿಡ್ಕೋತಾರೆ.”

ಭಾವನವರು ತಟ್ಟೆ ಹಿಡಿದು ನಿಂತರು. ಅಮ್ಮ ನಿಧಾನವಾಗಿ, ಒಂದಗುಳೂ ಚೆಲ್ಲದೆ ಉಂಡಳು. ಅರ್ಧ ಊಟವಾಗುವಷ್ಟರಲ್ಲಿ ಭಾವನವರು ಕಾಲು ಬದಲಿಸುತ್ತ, ಒಂದು, ಸೊನ್ನೆ ಎಂದು ಬಾಯಿ ತೆರೆದರು.

“ತಟ್ಟೆ ಅಲ್ಲಾಡ್ತಾ ಇದೆ,” ಅಂದಳು ಅಮ್ಮ. “ಕೈಗೆ ಬಲ ಇಲ್ವಾ, ಪಾಪ?”