ಶಾಕಪ್ಪನಿಗೆ ಕೊಟ್ಟ ಅಳತೆ

ಸವಾರನ ಭಾರಕ್ಕೆ ಬೈಕಿನ ಮುಂಭಾಗ ಎಷ್ಟು ಕುಗ್ಗುತ್ತದೆ ಎಂಬುದನ್ನು ಒಬ್ಬನೇ ಇದ್ದು ಸರಿಯಾಗಿ ಅಳೆಯಲು ಆಗುವುದಿಲ್ಲ. ಸವಾರ ಎರಡೂ ಕಾಲು ಮೇಲೆತ್ತಿ, ಗೋಡೆಗೆ ಒಂದು ಬೆರಳು ಮಾತ್ರ ತಾಗಿಸಿ, ರಸ್ತೆಯಲ್ಲಿ ಹೋಗುವಾಗ ಕೂತ ಹಾಗೆಯೇ ಕೂರಬೇಕು. ಇನ್ನೊಬ್ಬ ನೆಲಕ್ಕೆ ಮಂಡಿಯೂರಿ, ಮುಂದಿನ ಚಕ್ರ ಹಿಡಿದ ಫೋರ್ಕಿನ ಹೊಳೆಯುವ ಕೊಳವೆ ಎಷ್ಟು ಒಳಗೆ ಹೋಗಿದೆ ಎಂದು ಸ್ಕೇಲು ಹಿಡಿದು ಹೇಳಬೇಕು. ಕೂತವನೇ ಬಗ್ಗಿ ನೋಡಿದರೆ ಭಾರ ಮುಂದಕ್ಕೆ ಬಂದು ಅಳತೆ ಕೆಟ್ಟುಹೋಗುತ್ತದೆ. ನನ್ನ ಗೆಳೆಯ ಬದುಕಿನಲ್ಲಿ ಇನ್ನೊಬ್ಬರ ನೆರವು ಕೇಳಿದ್ದು ಇದೊಂದಕ್ಕೇ ಇರಬೇಕು. ಮಂಡಿಯೂರುತ್ತಿದ್ದವನು ನಾನು.

ಅವನು ಹೋಗಿ ನಾಲ್ಕು ತಿಂಗಳಾಯಿತು.

ಊರಿಗೆಲ್ಲ ಅವನು ಶಾಕಪ್ಪ. ಶಾಕ್ ಅಬ್ಸಾರ್ಬರ್ ಎಂಬ ಉದ್ದದ ಮಾತು ಮೆಕ್ಯಾನಿಕ್‌ಗಳ ಬಾಯಲ್ಲಿ ಸವೆದು ಶಾಕಪ್ ಆಗಿದೆ. ಅದನ್ನು ಬಿಟ್ಟು ಬೇರೇನನ್ನೂ ಮುಟ್ಟದವನಿಗೆ ಜನ ಅದನ್ನೇ ಹೆಸರು ಮಾಡಿಬಿಟ್ಟರು. "ಮದುವೆ ಇಲ್ಲ, ಮಕ್ಕಳಿಲ್ಲ, ಆದ್ರೂ ಅಪ್ಪ ಆದೆ ನೋಡು" ಎನ್ನುತ್ತಿದ್ದ. ನಾನು ಕರಡು ತಿದ್ದುವ ಮುದ್ರಣಾಲಯದ ಎದುರಿಗೇ ಅವನ ಅಂಗಡಿ. ಒಂದೇ ಶಟರು, ಒಂದೇ ಕುರ್ಚಿ. ಗೋಡೆಯ ಮೊಳೆಗಳಲ್ಲಿ ಜೋಡಿ ಜೋಡಿಯಾಗಿ ತೂಗುಹಾಕಿದ ಸ್ಪ್ರಿಂಗುಗಳು, ಕಪಾಟಿನಲ್ಲಿ ತೆಳು ಎಣ್ಣೆಯಿಂದ ಮಂದ ಎಣ್ಣೆಯವರೆಗೆ ಸಾಲಾಗಿ ಡಬ್ಬಿಗಳು, ಮೂಲೆಯಲ್ಲಿ ಮೂಟೆ ತೂಗುವ ಹಳೆಯ ಯಂತ್ರ. ಹಿಂದಿನ ಕೋಣೆಯಲ್ಲಿ ಮಂಚ, ಒಂದು ಸ್ಟವ್ವು, ಒಂದು ತಟ್ಟೆ. ಎಂಜಿನ್ ಕೆಟ್ಟಿದೆ ಎಂದು ಬಂದವರನ್ನು ಕತ್ತು ಎತ್ತದೆಯೇ ಮುಂದಿನ ಬೀದಿಗೆ ಕಳಿಸುತ್ತಿದ್ದ. ಭಾನುವಾರ ರಜೆ. ಆದರೆ ಆ ದಿನವೂ ಶಟರು ಅರ್ಧ ಎತ್ತಿರುತ್ತಿತ್ತು. ಅದರ ಕೆಳಗೆ ಅವನ ಎರಡು ಪಾದ ಮಾತ್ರ ರಸ್ತೆಗೆ ಕಾಣುತ್ತಿದ್ದವು.

"ಕಂಪನಿಯವರು ಯಾರೋ ಒಬ್ಬ ಮನುಷ್ಯನನ್ನ ಲೆಕ್ಕ ಹಿಡಿದು ಸ್ಪ್ರಿಂಗ್ ಹಾಕಿರ್ತಾರೆ" ಎಂದು ಬಂದವರಿಗೆ ಬಿಡಿಸಿ ಹೇಳುತ್ತಿದ್ದ. "ಆ ಮನುಷ್ಯ ಎಲ್ಲೂ ಇಲ್ಲ. ನೀವು ಅವನಿಗಿಂತ ದಪ್ಪ, ಇಲ್ಲ ಸಣ್ಣ. ದಪ್ಪ ಇದ್ರೆ ಬ್ರೇಕ್ ಹಿಡಿದ ಕೂಡಲೇ ಬೈಕು ಮೂಗು ಕುಟ್ಟುತ್ತೆ. ಸಣ್ಣ ಇದ್ರೆ ಸ್ಪ್ರಿಂಗು ಬಗ್ಗೋದೇ ಇಲ್ಲ, ರಸ್ತೆಯ ಹಳ್ಳವೆಲ್ಲ ಕೈಗೇ ಬರುತ್ತೆ." ಆದ್ದರಿಂದ ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ ತೂಕದ್ದು. ಒಮ್ಮೆ ಹೊಸ ಬೈಕು ತಂದ ಗುತ್ತಿಗೆದಾರನೊಬ್ಬ ಎಂಬತ್ತು ಕೆಜಿ ಎಂದ.

"ಯಾವ ವರ್ಷದ್ದು ಸರ್?"

"ಏನ್ರೀ ಹಾಗಂದ್ರೆ?"

"ಕೋಪ ಮಾಡ್ಕೋಬೇಡಿ. ಎಂಬತ್ತು ಅಂದ್ರೆ ಎಂಬತ್ತಕ್ಕೇ ಹಾಕ್ತೀನಿ. ಆಮೇಲೆ ತಿರುವಲ್ಲಿ ಹೆಚ್ಚುಕಮ್ಮಿ ಆದ್ರೆ ಆ ಎಂಬತ್ತು ಕೆಜಿಯವನನ್ನೇ ಹುಡುಕಿ ಬೈಯಿರಿ, ನನ್ನನ್ನಲ್ಲ."

ಗುತ್ತಿಗೆದಾರ ಗೊಣಗುತ್ತ ಯಂತ್ರ ಹತ್ತಿದ. ತೊಂಬತ್ತಾರು.

"ಬಿಡಿ, ಹೆಲ್ಮೆಟ್ಟೇ ಹದಿನಾರು ಕೆಜಿ ಇರಬೇಕು" ಎಂದು ಶಾಕಪ್ಪ ಮುಖದಲ್ಲಿ ನಗುವಿಲ್ಲದೆ ಬರೆದುಕೊಂಡ.

ಹೋದ ವರ್ಷ ಅವನ ಹೊಟ್ಟೆಯಲ್ಲಿ ಗಂಟು ಸಿಕ್ಕಿತು. ಕೊಯ್ದು ತೆಗೆದರು, ಆಮೇಲೆ ತಿಂಗಳುಗಟ್ಟಲೆ ಔಷಧಿ. ನನಗೆ ಹೇಳಿದ್ದು ಇಷ್ಟೇ: "ಇದೆ. ನಡೀತಿದೆ. ಮತ್ತೆ ಕೇಳ್ಬೇಡ." ನಾನು ಕೇಳಲಿಲ್ಲ. ಒಂದು ಸಂಜೆ ಅವನು ತಾನಾಗಿಯೇ ಕೈ ಚಾಚಿ ತೋರಿಸಿದ. ಔಷಧಿಯಿಂದ ಬೆರಳ ತುದಿಗಳು ಜೋಮು ಹಿಡಿದಿದ್ದವು. ಶರ್ಟಿನ ಗುಂಡಿ ಕೈಗೆ ಸಿಗುತ್ತಿರಲಿಲ್ಲ.

"ಮೂರು ಗಂಟೆ ಹ್ಯಾಂಡಲ್ ಹಿಡಿಯೋಕೆ ಆಗ್ಬೇಕು ಕಣೋ. ತಂಗಿ ಮನೆಗೆ ಹೋಗ್ಬೇಕು."

ಅವನಿಗೆ ತನ್ನವರು ಎಂದು ಇದ್ದವಳು ಆ ತಂಗಿಯೊಬ್ಬಳೇ. ಅವಳ ಮನೆ ನೂರಹತ್ತು ಕಿಲೋಮೀಟರ್. ಕೊನೆಯ ಮೂವತ್ತು ಬರೀ ಗುಂಡಿ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಇವನು ವರ್ಷಕ್ಕೆರಡು ಸಲ ಬೈಕಿನಲ್ಲಿ ಹೋಗುವುದು. ಕಾಯಿಲೆಯ ವಿಷಯ ಅವಳಿಗೆ ಒಂದಕ್ಷರವೂ ಗೊತ್ತಿರಲಿಲ್ಲ.

"ಬಸ್ಸಲ್ಲಿ ಹೋಗೋಣ, ನಾನೂ ಬರ್ತೀನಿ" ಎಂದೆ.

"ಬಸ್ಸಿಂದ ಇಳಿದ್ರೆ ಬಾಯಿ ತೆಗೆಯೋಕೆ ಮುಂಚೆನೇ ಅವಳಿಗೆ ಗೊತ್ತಾಗುತ್ತೆ. ಒಂದು ಸಲನೂ ಹಾಗೆ ಹೋದವನಲ್ಲ ನಾನು. ಬೈಕಲ್ಲಿ ಹೋಗಿ, ಹೆಲ್ಮೆಟ್ ತೆಗೆದಿಟ್ಟು, ಕೂತು, ನೀರು ಕುಡಿದು, ಆಮೇಲೆ ನಾನೇ ಹೇಳ್ಬೇಕು."

ಅವನ ಬೈಕಿನ ಮುಂಭಾಗ ಗಟ್ಟಿಯಾಗಿತ್ತು. ತಿರುವಿನಲ್ಲಿ ಅಲುಗದಿರಲಿ ಎಂದು ಹಿಂದೆ ಅವನೇ ಗಟ್ಟಿ ಸ್ಪ್ರಿಂಗು, ಮಂದ ಎಣ್ಣೆ ಹಾಕಿದ್ದ, ಎಪ್ಪತ್ತನಾಲ್ಕು ಕೆಜಿಯ ತನಗೆ. ಆಗಿನ ಅಳತೆ ಅವನ ಪುಸ್ತಕದಲ್ಲಿತ್ತು: ಮೂವತ್ತೈದು ಮಿಲಿಮೀಟರ್ ಕುಗ್ಗು. ಈಗ ಕೂರಿಸಿ ನೋಡಿದಾಗ ಮೂವತ್ತಮೂರು. ಇದ್ದದ್ದನ್ನೇ ಹೇಳಿದೆ. ಸ್ಪ್ರಿಂಗು ಅದೇ, ಬೈಕು ಅದೇ. ಕಡಿಮೆಯಾದದ್ದು ಏನು ಎಂದು ಅವನಿಗೆ ವಿವರಿಸಬೇಕಿರಲಿಲ್ಲ. ಗೋಡೆಗೆ ತಾಗಿಸಿದ್ದ ಬೆರಳನ್ನು ತೆಗೆಯುವುದನ್ನೇ ಮರೆತಿದ್ದ.

ಮೊದಲು ಎಣ್ಣೆ ಬದಲಿಸಿ ತೆಳುವಾದದ್ದನ್ನು ಹಾಕಿದ. ರಸ್ತೆಯ ಏಟು ಸ್ವಲ್ಪ ತಗ್ಗಿತು, ಸಾಕಾಗಲಿಲ್ಲ. ಮೂರು ವಾರ ಬಿಟ್ಟು ಮತ್ತೆ ಕರೆದ. ಸ್ಕೇಲಿನಲ್ಲಿ ಮೂವತ್ತೊಂದಿತ್ತು. ನನ್ನ ಬಾಯಿಂದ ಬಂದದ್ದು "ಮೂವತ್ತಮೂರು, ಅಷ್ಟೇ ಇದೆ."

ಯೋಚಿಸಿ ಹೇಳಿದ್ದಲ್ಲ. ಕೆಳಗಿನಿಂದ ನೋಡುವಾಗ ಅವನ ಪ್ಯಾಂಟಿನ ಬೆಲ್ಟು ಹೊಸದಾಗಿ ತೂತು ಮಾಡಿದ ಕಡೆ ಬಿಗಿದಿರುವುದು ಕಂಡಿತ್ತು. ಯಂತ್ರ ಹತ್ತುವುದನ್ನು ಅವನು ಬಿಟ್ಟಿದ್ದ. ಗೊತ್ತಾಗದಿದ್ದರೆ ಗೊತ್ತಾಗದಿರಲಿ ಎಂದುಕೊಂಡೆ. ಆಸ್ಪತ್ರೆಯಲ್ಲಿ ಪ್ರತಿ ಸಲವೂ ತೂಕ ನೋಡುತ್ತಾರೆ ಎಂಬ ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಮತ್ತೆ ಮೂರು ವಾರಕ್ಕೆ ಇಪ್ಪತ್ತೊಂಬತ್ತಿತ್ತು. ಆಗಲೂ ಮೂವತ್ತಮೂರು ಎಂದೆ. ಎರಡನೆಯ ಸುಳ್ಳಿಗೆ ನಾಲಿಗೆ ತಡವರಿಸಲೂ ಇಲ್ಲ.

ಅದಾಗಿ ನಾಲ್ಕು ದಿನ ಅವನು ಎದುರಿಗೇ ಇದ್ದರೂ ಈಚೆ ಬರಲಿಲ್ಲ. ಐದನೆಯ ದಿನ ಮುದ್ರಣಾಲಯಕ್ಕೆ ಬಂದು, ಕಾಗದದಲ್ಲಿ ಸುತ್ತಿದ ಸ್ಪ್ರಿಂಗೊಂದನ್ನೂ ತನ್ನ ಪುಸ್ತಕವನ್ನೂ ನನ್ನ ಕರಡಿನ ಮೇಲೇ ಇಟ್ಟ. ಎಣ್ಣೆ ಹಾಳೆಗೆ ಇಳಿಯಿತು.

"ಉದ್ದ ಅಳೆ."

ಅಳೆದೆ. "ಮುನ್ನೂರ ಎಂಬತ್ತು."

"ಹೊಸದರಲ್ಲಿ ಎಷ್ಟಿತ್ತು? ಪುಸ್ತಕ ನೋಡು."

ಪುಸ್ತಕದಲ್ಲೂ ಮುನ್ನೂರ ಎಂಬತ್ತೇ ಇತ್ತು.

"ಮೊನ್ನೆ ಆಸ್ಪತ್ರೇಲಿ ನನ್ನ ತೂಕ ಐವತ್ತೆಂಟು ಬಂತು. ಹದಿನಾರು ಕೆಜಿ ಹೋಗಿದೆ. ಆದ್ರೂ ಬೈಕು ಅಷ್ಟೇ ಕುಗ್ಗುತ್ತೆ ಅಂದೆ ನೀನು. ಅಂದ್ರೆ ಸ್ಪ್ರಿಂಗ್ ಸೋತಿದೆ ಅಂದ್ಕೊಂಡೆ. ಎರಡು ದಿನ ಕೂತು ಫೋರ್ಕಿನ ಎರಡೂ ಕಾಲು ಬಿಚ್ಚಿದೆ. ಈ ಕೈಯಲ್ಲಿ." ಬೆರಳಿಗೆ ಬಟ್ಟೆ ಸುತ್ತಿತ್ತು. ಕ್ಲಿಪ್ಪು ಕುಯ್ದದ್ದು ಗೊತ್ತೇ ಆಗಲಿಲ್ಲವಂತೆ. ಎಣ್ಣೆ ಕೆಂಪಗಾದ ಮೇಲೆ ನೋಡಿಕೊಂಡನಂತೆ. "ಸ್ಪ್ರಿಂಗಿಗೆ ಏನೂ ಆಗಿಲ್ಲ. ಹದಿನಾರು ಕೆಜಿ ಹೋದದ್ದು ಅದಕ್ಕೆ ಗೊತ್ತಾಗಲಿಲ್ಲ ಅಂದ್ರೆ, ಅದಕ್ಕೆ ನನ್ನ ಮೇಲೆ ಅಷ್ಟೊಂದು ಪ್ರೀತಿನಾ?"

ಪಕ್ಕದ ಮೇಜಿನವರು ತಲೆ ತಗ್ಗಿಸಿ ಓದುವವರಂತೆ ಕೂತರು.

"ಒಂದು ಒತ್ತಕ್ಷರ ತಪ್ಪಿದ್ರೆ ಊಟ ಬಿಡೋನು ನೀನು. ಅದಕ್ಕೇ ಕರೀತಿದ್ದೆ ನಿನ್ನ. ಮರುಕ ಬೇಕಿದ್ರೆ ಆಸ್ಪತ್ರೆ ಬಾಗಿಲಲ್ಲಿ ಹೂ ಮಾರೋ ಹೆಂಗಸೇ ಕೊಡ್ತಾಳೆ, ಕೇಳೋದೇ ಬೇಡ."

"ಹೆದರಿದೆ ಕಣೋ" ಎಂದೆ.

"ನಾನೂ ಹೆದರಿದೀನಿ. ಹಾಗಂತ ಸ್ಕೇಲು ಏನು ತಪ್ಪು ಮಾಡ್ತು?" ಸ್ಪ್ರಿಂಗನ್ನೂ ಪುಸ್ತಕವನ್ನೂ ಎತ್ತಿಕೊಂಡ. "ಸಂಜೆ ಬಾ. ಬಿಚ್ಚಿದ್ದನ್ನ ಜೋಡಿಸಬೇಕು. ಮುಚ್ಚಳದ ತಿರುಪಿನ ಎಳೆ ಬೆರಳಿಗೆ ಸಿಗ್ತಿಲ್ಲ."

ಸಂಜೆ ಹೋದೆ. ಗೋಡೆಯಿಂದ ಒಂದು ಜೋಡಿ ಮೆತ್ತನೆಯ ಸ್ಪ್ರಿಂಗು ಇಳಿಸಿ ಇಟ್ಟಿದ್ದ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳಿಗೆಂದು ತರಿಸಿದ್ದು. ಅವಳು ಆಮೇಲೆ ಬೈಕೇ ಮಾರಿಬಿಟ್ಟಿದ್ದಳು. "ಈಗ ಅವಳದೂ ನನ್ನದೂ ಒಂದೇ ತೂಕ. ಜಡೆ ಒಂದು ಕಮ್ಮಿ" ಎಂದ. ಆ ದಿನ ಅವನು ಆಡಿದ ತಮಾಷೆ ಅದೊಂದೇ. ನಾನು ಸ್ಪ್ರಿಂಗು ಇಳಿಸಿದೆ, ಅಳೆದ ಎಣ್ಣೆ ಹೊಯ್ದೆ, ಮುಚ್ಚಳ ತಿರುಗಿಸಿದೆ. ಅವನು ಕುರ್ಚಿಯಲ್ಲಿ ಕೂತು "ನಿಧಾನ, ಎಳೆ ಅಡ್ಡ ಕಚ್ಚಿದೆ, ಬಿಚ್ಚು, ಮತ್ತೆ ಹಿಡಿ" ಎನ್ನುತ್ತಿದ್ದ. ಮೂವತ್ತು ವರ್ಷದ ಗೆಳೆತನದಲ್ಲಿ ಅವನ ಕೆಲಸ ನನ್ನ ಕೈಗೆ ಬಂದದ್ದು ಅದೇ ಮೊದಲು. ಅವನು ನನ್ನ ಕೈಯನ್ನು ನೋಡುತ್ತಿದ್ದ ರೀತಿಯನ್ನು ಎದುರಿಸಲಾರದೆ ನಾನು ನಟ್ಟುಗಳನ್ನೇ ನೋಡುತ್ತಿದ್ದೆ.

ಆಮೇಲೆ ಅವನು ಹತ್ತಿ ಕೂತ. ಮಂಡಿಯೂರಿದೆ. ಬೈಕನ್ನು ಒಮ್ಮೆ ಕೆಳಗೆ ಒತ್ತಿ ಬಿಟ್ಟು ಒಂದು ಅಳತೆ, ಮೇಲೆತ್ತಿ ಬಿಟ್ಟು ಒಂದು ಅಳತೆ, ಎರಡರ ನಡುವಿನದು ಲೆಕ್ಕ.

"ಮೂವತ್ತಾರು" ಎಂದೆ.

"ಮೂವತ್ತಾರಾ, ಮೂವತ್ತೈದಾ?"

"ಮೂವತ್ತಾರು. ಕನ್ನಡಕ ಒರೆಸಿ ನೋಡಿದೀನಿ."

ಪುಸ್ತಕದಲ್ಲಿ ಬರೆದುಕೊಂಡ. ಸವಾರನ ತೂಕ ಎಂಬ ಕಡೆ ಐವತ್ತೆಂಟು ಎಂದು ಬರೆದ. ಬೆರಳಲ್ಲಿ ಪೆನ್ನು ನಿಲ್ಲದೆ ಅಂಕಿಗಳು ಸೊಟ್ಟಗಾದವು. ಹೊರಗೆ ಹೋಗಿ ಚರಂಡಿಯ ಚಪ್ಪಡಿ ಒಡೆದ ರಸ್ತೆಯಲ್ಲಿ ಎರಡು ಸುತ್ತು ಹಾಕಿ ಬಂದ. ಮೊದಲು ಅಲ್ಲಿ ಮುಂದಿನ ಚಕ್ರ ಪುಟಿಯುತ್ತಿತ್ತು. ಈಗ ಹಳ್ಳಕ್ಕಿಳಿದು ಹತ್ತಿತು, ಹ್ಯಾಂಡಲ್ ನೆಟ್ಟಗೇ ಇತ್ತು. ಬಂದವನು ಗ್ಲೌಸು ತೆಗೆದು ಕೈ ಮುಚ್ಚಿ ಬಿಚ್ಚಿ ನೋಡಿಕೊಂಡ. ಮಾರನೆಯ ಬೆಳಗ್ಗೆ ಹೊರಟ. ನಾನು ಜೊತೆಗೆ ಬರುವುದು ಬೇಡ ಎಂದ.

ಆ ದಿನ ನಾನು ಓದಿದ ಕರಡಿನಲ್ಲಿ ಏನಿತ್ತೋ ನೆನಪಿಲ್ಲ. ಒಂದು ಗಂಟೆಗೆ ಬರಬೇಕಿದ್ದ ಫೋನು ಎರಡೂವರೆಗೆ ಬಂತು.

"ನೀರು ಕುಡಿದಾಯ್ತು" ಎಂದ. "ಹೇಳಿದ್ದೂ ಆಯ್ತು."

"ಅತ್ತಳಾ?"

"ಬೈದಳು. ಇನ್ನೂ ಬೈತಾನೇ ಇದಾಳೆ, ಕೇಳು." ದೂರದಲ್ಲಿ ಪಾತ್ರೆಯ ಸದ್ದೂ ಹೆಂಗಸಿನ ದನಿಯೂ ಕೇಳಿಸಿದವು. "ದಾರೀಲಿ ಮೂರು ಕಡೆ ನಿಂತೆ. ಕೈಗೆ ಅಲ್ಲ, ಸುಮ್ಮನೆ. ಕೈ ಚೆನ್ನಾಗಿದೆ."

ತಂಗಿ ಅವನನ್ನು ವಾಪಸು ಬಿಡಲಿಲ್ಲ. ಎದುರಿನ ಶಟರು ಮುಚ್ಚಿಯೇ ಇರುವುದು ಅವತ್ತಿನಿಂದ. ಆರು ವಾರ, ವಾರಕ್ಕೊಮ್ಮೆ ನಾನು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕೊನೆಯ ಮೂವತ್ತು ಕಿಲೋಮೀಟರಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಕೂರುವಾಗ, ಇದನ್ನೆಲ್ಲ ಅವನು ಒಬ್ಬನೇ ದಾಟಿದನಲ್ಲ ಎನಿಸುತ್ತಿತ್ತು. ಒಬ್ಬನೇ ದಾಟಬೇಕೆಂಬುದೇ ಅವನ ಆಸೆಯಾಗಿತ್ತು ಎಂಬುದನ್ನು ಒಪ್ಪಿಕೊಳ್ಳುವುದು ನನಗೆ ಈಗಲೂ ಸುಲಭವಲ್ಲ.

ಕೊನೆಯ ಸಲ ಹೋದಾಗ ಕಿಟಕಿಯ ಪಕ್ಕ ಮಲಗಿದ್ದ. ತಂಗಿ ನನಗೆ "ಅಣ್ಣಾ, ನೀವು ಮಾತಾಡ್ತಾ ಇರಿ, ಟೀ ತರ್ತೀನಿ" ಎಂದು ಒಳಗೆ ಹೋದಳು. ಅವಳು ಹೋಗುವವರೆಗೆ ಕಾದು, ಅವನು ನನ್ನ ಕಡೆ ತಿರುಗಿದ.

"ಇವಳು ದಿನಾ ಪರವಾಗಿಲ್ಲ ಅಂತಾಳೆ. ಡಾಕ್ಟರು ನೋಡೋಣ ಅಂತಾರೆ. ನೀನು ನೋಡಿ ಹೇಳು. ಹೇಗಿದೀನಿ?"

ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಅವನು ಅವಸರ ಮಾಡಲಿಲ್ಲ.

"ಹೋದ ವಾರಕ್ಕಿಂತ ಕೆಟ್ಟಿದೆ" ಎಂದೆ. "ಕಣ್ಣು ಹಳದಿ ಆಗಿದೆ. ಕಾಲು ಊದಿದೆ. ಉಸಿರು ಎಳೀತಿದೀಯ. ಬರೋ ವಾರ ನಾನು ಬಂದಾಗ ನೀನು ಇರ್ತೀಯ ಅಂತ ನನಗೆ ಅನ್ನಿಸ್ತಿಲ್ಲ."

ಅವನು ಕಣ್ಣು ಮುಚ್ಚಿದ. ಹಣೆಯ ಗಂಟು ಸಡಿಲವಾಯಿತು.

"ಹೂಂ. ನನಗೂ ಅಷ್ಟೇ ಅನ್ನಿಸಿತ್ತು" ಎಂದ. ಕಷ್ಟಪಟ್ಟು ಕಾಲು ಸರಿಸಿ ಮಂಚದ ಮೇಲೆ ಜಾಗ ಮಾಡಿದ. "ಇಲ್ಲಿ ಕೂತ್ಕೋ. ಬಸ್ಸು ಎಷ್ಟೊತ್ತಿಗೆ?"

"ಐದೂವರೆಗೆ."

"ಇನ್ನೂ ಹೊತ್ತಿದೆ ಹಾಗಾದ್ರೆ."

ಕೂತೆ. ಐದೂವರೆಯ ಬಸ್ಸು ಹೋಯಿತು, ಅದರ ನಂತರದ್ದೂ ಹೋಯಿತು.