ಗಂಟು ಹಾಕಿದ ಒದ್ದೆ ಬಟ್ಟೆ

ದೆವ್ವ ಗಿವ್ವ ಅಂದರೆ ನಾನು ನಗುತ್ತಿದ್ದವನು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ವಾರ್ಡ್ ಅಟೆಂಡರ್ ಆಗಿದ್ದೇನೆ. ಎಷ್ಟೋ ಹೆಣ ಒರೆಸಿ ಬಟ್ಟೆ ಸುತ್ತಿದ ಕೈ ಇದು. ಒಂದಾದರೂ ಎದ್ದು ನನ್ನನ್ನು ಮಾತಾಡಿಸಿಲ್ಲ. ಹಾಗಾಗಿ ನಾನೀಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ.

ನನಗೆ ಕೆಲಸ ಕಲಿಸಿದವರು ಮಳವಳ್ಳಿ ಕಡೆಯ ಜಯಮ್ಮ ಸಿಸ್ಟರ್. ರೋಗಿಯನ್ನು ಮುಟ್ಟುವ ಮುಂಚೆ ಕೈ ತೊಳೆದು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು ಅನ್ನುತ್ತಿದ್ದರು. ಹೊಟ್ಟೆ ಆಪರೇಷನ್ ಆದವರು ನೀರಿಗೆ ಗೋಳಾಡಿದರೆ ಬಟ್ಟೆ ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ತುಟಿ ಮಾತ್ರ ಒರೆಸಬೇಕು. ಆ ಬಟ್ಟೆಯ ಮೂಲೆಗೆ ಒಂದು ಸಣ್ಣ ಗಂಟು ಹಾಕುತ್ತಿದ್ದರು. "ಗಂಟಿರೋದು ಬಾಯಿಗೆ, ಇಲ್ಲದ್ದು ಮೈಗೆ. ಅದಲು ಬದಲು ಮಾಡಿದ್ಯೋ, ಅದ್ರಲ್ಲೇ ನಿನ್ನ ಮೂತಿ ಒರೆಸ್ತೀನಿ ನೋಡು." ಅವರು ರಿಟೈರ್ ಆದ ಮೇಲೆ ಆ ಗಂಟು ಯಾರೂ ಹಾಕುತ್ತಿರಲಿಲ್ಲ. ನಾನೂ ಬಿಟ್ಟಿದ್ದೆ. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು.

ಆಗ ಬೆಸಗರಹಳ್ಳಿಯಿಂದ ನಮ್ಮಣ್ಣನನ್ನು ಕರೆತಂದರು. ಕರುಳಿನ ಆಪರೇಷನ್ ಆಯಿತು. ಗ್ಯಾಸು ಹೋಗುವ ತನಕ ಒಂದು ತೊಟ್ಟು ನೀರೂ ಕೊಡಕೂಡದು, ಹೊಟ್ಟೆ ಉಬ್ಬಿ ವಾಂತಿ ಶುರುವಾದರೆ ಜೀವಕ್ಕೇ ಕಷ್ಟ ಅಂದರು ಡಾಕ್ಟರು. ಅಲ್ಲಿಯ ತನಕ ನಾನು ನೋಡಿಕೊಂಡ ಯಾರೂ ಕದ್ದು ನೀರು ಕುಡಿದಿರಲಿಲ್ಲ. ಅದು ನನ್ನ ಹೆಮ್ಮೆ.

ಎರಡನೇ ದಿನ ಮಧ್ಯಾಹ್ನ ಕರೆಂಟು ಹೋಯಿತು. ಅಣ್ಣ ನನ್ನ ಕೈ ಹಿಡಿದುಕೊಂಡ. "ಒಂದು ಗುಟುಕು ಬುಡ್ಲಾ. ಚಿಕ್ಕೋನಿದ್ದಾಗ ಎಗಲ ಮೇಲೆ ಒತ್ಕೊಂಡು ತಿರುಗಿದ್ದೀನಿ ಕಣ್ಲಾ ನಿನ್ನ."

ಅತ್ತಿಗೆ ಸೆರಗು ಬಾಯಿಗೆ ಹಿಡಿದುಕೊಂಡು, "ಊರೋರ ಬಾಯ್ಗೆಲ್ಲ ನೀರು ಬುಟ್ಟಿದ್ದೀಯ. ಒಡುಟ್ಟಿದೋನು ಒಣ ಬಾಯ್ನಲ್ಲಿ ಓಗ್ಬೇಕಾ?" ಎಂದು ಬೈದು, ಔಷಧಿ ತರಲು ಕೆಳಗಿಳಿದು ಹೋದರು.

ಒಣ ಬಾಯಲ್ಲಿ ಸಾಯಬಾರದು ಎನ್ನುವುದು ನಮ್ಮ ಜನರ ದೊಡ್ಡ ಭಯ. ಆ ಮಾತು ಕೇಳಿದ ಮೇಲೆ ನನಗೆ ಒದ್ದೆ ಬಟ್ಟೆಯ ನೆನಪು ಕೂಡ ಬರಲಿಲ್ಲ. ಹೋಗಿ, ಕಳ್ಳನ ಹಾಗೆ ಒಂದು ಲೋಟ ನೀರು ತುಂಬಿಕೊಂಡು ಬಂದೆ.

ಅಣ್ಣ ಕಣ್ಣು ಮುಚ್ಚಿ ಸುಖವಾಗಿ ನಿದ್ದೆ ಮಾಡುತ್ತಿದ್ದ. ತುಟಿ ಪಸೆಯಾಗಿತ್ತು. ಪಕ್ಕದ ಸ್ಟೀಲ್ ಬಟ್ಟಲ ಮೇಲೆ ಒಂದು ಒದ್ದೆ ಬಟ್ಟೆ, ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು. ಮೂಲೆಯಲ್ಲಿ ಸಣ್ಣ ಗಂಟು.

ಡ್ಯೂಟಿ ಸಿಸ್ಟರು ಪಕ್ಕದ ವಾರ್ಡಿನಲ್ಲಿ ಡ್ರೆಸ್ಸಿಂಗ್ ಮಾಡುತ್ತಿದ್ದರು. ಅತ್ತಿಗೆ ಇನ್ನೂ ಮೇಲೆ ಬಂದಿರಲಿಲ್ಲ. ಬಾಗಿಲ ಬಳಿಯ ಮಂಚದಲ್ಲಿ ಎಚ್ಚರವಾಗಿದ್ದ ಹನಕೆರೆ ಅಜ್ಜನನ್ನು ಕೇಳಿದೆ.

"ಯಾರೂ ಬರ್ಲಿಲ್ವಲ್ಲಪ್ಪ. ನೀನೇ ಓದೆ, ನೀನೇ ಬಂದೆ" ಅಂದರು.

ಲೋಟದ ನೀರನ್ನು ಸಿಂಕಿಗೆ ಸುರಿದೆ.

ಮಾರನೇ ಬೆಳಗ್ಗೆ ಇಡೀ ವಾರ್ಡಿಗೆ ಕೇಳುವ ಹಾಗೆ ಅಣ್ಣನಿಗೆ ಗ್ಯಾಸು ಹೋಯಿತು. ಬೇರೆ ಕಡೆ ಆಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಅತ್ತಿಗೆ, ಮುತ್ತತ್ತಿ ಆಂಜನೇಯನಿಗೆ ಕೈ ಮುಗಿದರು. ಸಿಸ್ಟರು ಚಮಚದಲ್ಲಿ ನೀರು ಕೊಟ್ಟರು. ಅಣ್ಣ ಉಳಿದುಕೊಂಡ.

ಎಷ್ಟೋ ಯೋಚನೆ ಮಾಡಿದ್ದೇನೆ. ಆ ಅಜ್ಜ ತೂಕಡಿಸಿರಬಹುದು. ಯಾರೋ ಪುಣ್ಯಾತ್ಮರು ಒರೆಸಿ ಹೋಗಿರಬಹುದು. ಆದರೆ ಆ ಗಂಟು?

ಈಗಲೂ ಊರಿಗೆ ಹೋದಾಗೆಲ್ಲ ಅಣ್ಣ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲರಿಗೂ ಹೇಳುತ್ತಾನೆ: "ಒಂದು ತೊಟ್ಟು ನೀರು ಕೊಡ್ಲಿಲ್ಲ ಬಡ್ಡೀಮಗ. ಆದ್ರೆ ತುಟಿ ಒರೆಸ್ದ ನೋಡಿ, ಏನು ಬೆಚ್ಚಗಿತ್ತು ಅಂತೀರಿ ಕೈ!"

ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ತಣ್ಣನೆಯ ಲೋಟವಿತ್ತು. ಅದನ್ನು ಅವನಿಗೆ ಹೇಳಲು ಇವತ್ತಿಗೂ ನನಗೆ ಬಾಯಿ ಬಂದಿಲ್ಲ.